ಕೇಳುವ ಬಗೆ

ಕೆಲವು ವರ್ಷಗಳ ಹಿಂದೆ, ಮಂಡ್ಯ ಸೀಮೆಯ ಹಳ್ಳಿಯೊಂದರಲ್ಲಿ, ಸಮೀಕ್ಷೆಗೆ ಬಂದಿದ್ದ ಗಣತಿದಾರರೊಬ್ಬರ ಸಂಗಡ ಮನೆಮನೆಗೆ ತಿರುಗುವ ಸಂದರ್ಭ ನನಗೆ ಒದಗಿತ್ತು. ನಸುಕಿನಲ್ಲೆದ್ದು ಕೊಟ್ಟಿಗೆ ಬಳಿದು, ಎರಡು ಹಸುಗಳ ಹಾಲು ಕರೆದು, ಅದನ್ನು ಡೈರಿಗೆ ಹಾಕಿ ಬಂದು, ಬರಿದಾದ ಕ್ಯಾನನ್ನು ಇನ್ನೂ ಕೈಯಲ್ಲಿ ಹಿಡಿದೇ ಜಗಲಿಯ ಬಳಿ ನಿಂತಿದ್ದ ಗೃಹಿಣಿಯನ್ನು, ಅಚ್ಚಾದ ನಮೂನೆಯಲ್ಲಿದ್ದಂತೆಯೇ, 'ತಾವು ಯಾವುದಾದರೂ ಆರ್ಥಿಕ ಚಟುವಟಿಕೆಯಲ್ಲಿ ನಿರತರಾಗಿರುವಿರಾ?' ಎಂದು ಅವರು ಕೇಳಲಾಗಿ, ಆಕೆ ಕ್ಷಣಕಾಲ ತಡೆದು, 'ಏನೂ ಇಲ್ಲ ಸ್ವಾಮಿ, ಮನೇಲೇ ಇರ್ತೀನಿ' ಎಂದರು. ಗಣತಿದಾರರು ಪ್ರಾಮಾಣಿಕರು, ಕೇಳಿದ್ದನ್ನೇ ಬರೆದುಕೊಂಡರು. ಆಕೆಯೂ ಸುಳ್ಳಾಡಿದವರಲ್ಲ. ಆದರೂ ಕಾಗದದ ಮೇಲೆ ಇಳಿದದ್ದು ಅಸತ್ಯವೇ.

ದೋಷ ಪ್ರಶ್ನೆಯಲ್ಲಿತ್ತು. ಸಮೀಕ್ಷೆಗೆ ಎಷ್ಟು ಮನೆಗಳನ್ನು ಆರಿಸಬೇಕು, ಹೇಗೆ ಆರಿಸಬೇಕೆಂಬ ಶಾಸ್ತ್ರದಲ್ಲಿ ನಮ್ಮ ದೇಶ ಹಿಂದುಳಿದದ್ದಲ್ಲ. ಸಂಖ್ಯಾಶಾಸ್ತ್ರಜ್ಞ ಮಹಲನೋಬಿಸರ ಪ್ರೇರಣೆಯಿಂದ 1950ರಲ್ಲಿ ಆರಂಭವಾದ ರಾಷ್ಟ್ರೀಯ ಮಾದರಿ ಸಮೀಕ್ಷೆಯನ್ನು ಲೋಕದ ಪಂಡಿತರು ಗೌರವದಿಂದ ಕಂಡಿದ್ದಾರೆ. ಆದರೆ ಅದೇ ಸಮೀಕ್ಷೆಯ ಚರಿತ್ರೆಯಲ್ಲಿ, ಪ್ರಶ್ನೆಯ ಒಂದು ಪದ ಬದಲಾದರೆ ಏನಾದೀತೆಂಬುದಕ್ಕೆ ನಿದರ್ಶನವಿದೆ. 1994ರಿಂದ 1998ರವರೆಗಿನ ಸುತ್ತುಗಳಲ್ಲಿ, ಪ್ರಯೋಗಾರ್ಥವಾಗಿ, ಕೆಲವು ಮನೆಗಳವರನ್ನು ಎಂದಿನಂತೆ ಕಳೆದ 30 ದಿನಗಳ ಖರ್ಚನ್ನೂ, ಉಳಿದವರನ್ನು ಆಹಾರಾದಿಗಳ ವಿಷಯದಲ್ಲಿ 7 ದಿನಗಳ ಖರ್ಚನ್ನೂ ಬಟ್ಟೆಬರೆ ಮೊದಲಾದವುಗಳ ವಿಷಯದಲ್ಲಿ ವರ್ಷದ ಖರ್ಚನ್ನೂ ಕೇಳಲಾಯಿತು. ತಿಂಗಳ ಹಿಂದೆ ಕೊಂಡ ಸೊಪ್ಪು ಯಾರಿಗೆ ನೆನಪಿರುತ್ತದೆ? ವಾರದ ಪ್ರಶ್ನೆಗೆ ಉತ್ತರವಾಗಿ ಬಂದ ಖರ್ಚು ಹೆಚ್ಚಾಗಿದ್ದು, ಆ ಲೆಕ್ಕದಂತೆ ಬಡವರ ಸಂಖ್ಯೆ ಸುಮಾರು ಅರ್ಧಕ್ಕೆ ಇಳಿದು ಕಂಡಿತು. ಮುಂದೆ 1999–2000ರ ಸುತ್ತಿನಲ್ಲಿ, ಆಹಾರಾದಿಗಳ ವಿಷಯದಲ್ಲಿ, 7 ದಿನ ಮತ್ತು 30 ದಿನಗಳ ಎರಡೂ ಅವಧಿಗಳನ್ನು ಒಂದೇ ಹಾಳೆಯಲ್ಲಿ ಪಕ್ಕಪಕ್ಕದ ಕಾಲಂಗಳಾಗಿ ಅಚ್ಚು ಹಾಕಿದ್ದರಿಂದ, ಒಂದರ ಉತ್ತರ ಇನ್ನೊಂದನ್ನು ತನ್ನತ್ತ ಎಳೆದುಕೊಂಡಿತೆಂಬ ಶಂಕೆ ಹುಟ್ಟಿ, ಬಡತನ ನಿಜವಾಗಿ ತಗ್ಗಿದುದೆಷ್ಟೆಂದು ಅರ್ಥಶಾಸ್ತ್ರಜ್ಞರು ವರ್ಷಗಟ್ಟಲೆ ವಾದಿಸಬೇಕಾಯಿತು. ಪಡಿತರವೂ ಅನುದಾನವೂ ಇಂಥ ಅಂಕಿಗಳನ್ನು ನಂಬಿ ಹೊರಡತಕ್ಕವು. ಆದುದರಿಂದ ಇದನ್ನು ಪಂಡಿತರ ಜಗಳವೆಂದು ಬದಿಗಿಡಲಾಗದು.

ಆ ಜಗಲಿಗೆ ಮರಳುವೆನು. ನಮೂನೆಯನ್ನು ಮಡಿಸಿಟ್ಟ ಮೇಲೆ ಗಣತಿದಾರರು, ಊರ ಮಾತಿನಲ್ಲಿ, 'ಬೆಳಗಾಗೆದ್ದು ಏನೇನು ಮಾಡಿದ್ರಿ ಅಮ್ಮಾ?' ಎಂದರು. ಸಗಣಿ, ಹುಲ್ಲು, ಹಾಲು, ಹೊಲಕ್ಕೆ ಬುತ್ತಿ, ಕಳೆ ಕೀಳುವ ಮುಯ್ಯಾಳು—ಆಕೆಯ ಮಾತು ನಿಲ್ಲಲೇ ಇಲ್ಲ. 1998–99ರಲ್ಲಿ ಆರು ರಾಜ್ಯಗಳಲ್ಲಿ ನಡೆದ ಸಮಯ ಬಳಕೆಯ ಸಮೀಕ್ಷೆಯ ಕ್ರಮವೂ ಹೆಚ್ಚುಕಡಮೆ ಇದೇ: ಉದ್ಯೋಗವೇನೆಂದಷ್ಟೇ ಕೇಳದೆ, ದಿನದ ಹೊತ್ತು ಹೇಗೆ ಕಳೆಯಿತೆಂದು ಕೇಳುವುದು.

ಇಂದಿನ ಪ್ರಶ್ನಾವಳಿಗಳು ಬಹುಮಟ್ಟಿಗೆ ಇಂಗ್ಲಿಷಿನಲ್ಲಿ ಹುಟ್ಟಿ, ಆ ಬಳಿಕ ಕನ್ನಡಿಸಲ್ಪಡುತ್ತವೆ. ಅವು ಕನ್ನಡದಲ್ಲಿಯೇ ರಚಿತವಾಗಬೇಕು. ಬೀದರಿನಲ್ಲಿಯೂ ಮಡಿಕೇರಿಯಲ್ಲಿಯೂ ಹತ್ತು ಹತ್ತು ಮನೆಗಳಲ್ಲಾದರೂ ಗಟ್ಟಿಯಾಗಿ ಓದಿಸಲ್ಪಟ್ಟು, ಕೇಳಿದವರು ತಡವರಿಸಿದ ಕಡೆ ತಿದ್ದಲ್ಪಡಬೇಕು. ಸೊಸೆಯನ್ನು ಕೇಳಿದ್ದಕ್ಕೆ ಮನೆಯ ಯಜಮಾನರು ಉತ್ತರ ಕೊಡುವ ಸಂದರ್ಭದಲ್ಲಿ ಏನು ಮಾಡತಕ್ಕದ್ದೆಂಬುದನ್ನು ಗಣತಿದಾರರಿಗೆ ಮೊದಲೇ ಕಲಿಸಬೇಕು. ಪ್ರಶ್ನೆಗಳನ್ನು ಬರೆಯಲು ಕುಳಿತ ಸಭೆಗೆ ಆ ಗಣತಿದಾರರಂಥ ಇಬ್ಬರನ್ನು, ತಕ್ಕ ಸಂಭಾವನೆ ಕೊಟ್ಟು, ಕರೆದು ಕೂರಿಸಿಕೊಳ್ಳಲಿ. ಮುಂದಿನ ನಮೂನೆ ಅಚ್ಚಿಗೆ ಹೋಗುವ ಮುನ್ನವೇ ಇದಾಗಬೇಕು.