ಅಳತೆಯಿಲ್ಲದ ‘ಬರ ಸಹಿಷ್ಣುತೆ’

ಕುಳಗೇರಿ ಕ್ರಾಸಿನ ಒಂದು ದಿಕ್ಕಿಗೆ ನರಗುಂದದತ್ತ ಹಬ್ಬಿದ ಎರೆಭೂಮಿ, ಇನ್ನೊಂದು ದಿಕ್ಕಿಗೆ ಬಾದಾಮಿಯ ಮರಳುಗಲ್ಲಿನ ಗುಡ್ಡಸಾಲು. ಈ ಕೂಡುರಸ್ತೆಯ ಬೀಜದಂಗಡಿಯೊಂದರಲ್ಲಿ ‘ಬರ ಸಹಿಷ್ಣು ತಳಿ’ ಎಂದು ದಪ್ಪಕ್ಷರದಲ್ಲಿ ಮುದ್ರಿಸಿದ್ದ ಚೀಲವನ್ನು ಕೈಗೆತ್ತಿಕೊಂಡು ಕೇಳಿದೆ: ಈ ಸಸಿಯನ್ನು ಎಷ್ಟು ಒಣಗಿಸಿ ನೋಡಿದ್ದಾರೆ? ಅಂಗಡಿಯವರಲ್ಲಿ ಉತ್ತರವಿರಲಿಲ್ಲ, ಚೀಲದ ಮೇಲೂ ಇರಲಿಲ್ಲ. 2023ರಲ್ಲಿ ರಾಜ್ಯದ 236 ತಾಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದ ಮೇಲೂ ಈ ಪ್ರಶ್ನೆಯನ್ನು ಕೇಳದೆ ಬೀಜ ಕೊಳ್ಳುವ ಸ್ಥಿತಿ ನಮ್ಮದಾಗಿದೆ.

ಬರವನ್ನು ತಪ್ಪಿಸಿಕೊಳ್ಳುವುದು ಬೇರೆ, ಒಣಗುವಿಕೆಯನ್ನು ತಾಳುವುದು ಬೇರೆ. ನಮ್ಮ ಹಿಂಗಾರಿ ಜೋಳ ಎಂ 35-1 ಎರೆಮಣ್ಣಿನ ಆಳದಲ್ಲಿ ಉಳಿದ ಹಸಿಯನ್ನು ಬೇರಿಳಿಸಿ ಹೀರುತ್ತದೆ. ಅಂದರೆ ತನ್ನ ಎಲೆ ಒಣಗದಂತೆ ನೋಡಿಕೊಳ್ಳುತ್ತದೆ. ಅದೇ ಜೋಳವನ್ನು ಮೊಳದಾಳವೂ ಇಲ್ಲದ ಗುಡ್ಡದ ಮರಳುಮಣ್ಣಿನಲ್ಲಿ ಬಿತ್ತಿದರೆ ಆ ಗುಣಕ್ಕೆ ಬೆಲೆಯೇನು?

ನಿಜವಾಗಿ ಒಣಗಿ ಬದುಕುವ ಜೀವಿಗಳೂ ಇವೆ. ಬಂಡೆಯ ಮೇಲಿನ ಕಲ್ಲುಹೂವು ಅಂಥದು. ದಕ್ಷಿಣ ಭಾರತದ ಬಂಡೆಗಳ ತೆಳುಮಣ್ಣಿನಲ್ಲಿ ಬೆಳೆಯುವ ಒರೋಪೀಟಿಯಂ ಥೋಮಿಯಂ ಎಂಬ ಗೇಣುದ್ದವೂ ಇಲ್ಲದ ಹುಲ್ಲು ಗರಿಗರಿಯಾಗಿ ಒಣಗಿ, ಮಳೆ ಬಿದ್ದೊಡನೆ ಮತ್ತೆ ಹಸಿರಾಗುತ್ತದೆ. ಇದರ ವಂಶವಾಹಿಗಳ ಬಹುತೇಕ ಪೂರ್ಣ ನಕ್ಷೆ 2015ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಒಣಗಿದರೂ ಜೀವ ತಳೆಯುವ ಸೆಲಾಜಿನೆಲ್ಲಾ ಬ್ರಯಾಪ್ಟೆರಿಸ್ ಸಸ್ಯವನ್ನು ಕೆ. ಎನ್. ಗಣೇಶಯ್ಯ, ಆರ್. ವಾಸುದೇವ, ಆರ್. ಉಮಾಶಂಕರ್ 2009ರ ‘ಕರೆಂಟ್ ಸೈನ್ಸ್’ ಲೇಖನದಲ್ಲಿ ಪುರಾಣದ ಸಂಜೀವಿನಿಯಾಗಿರಬಹುದಾದ ಸಸ್ಯಗಳ ಸಾಲಿನಲ್ಲಿ ಪರಿಶೀಲಿಸಿದರು.

ಈ ಶಕ್ತಿ ನಮಗೆ ಅಪರಿಚಿತವೇನಲ್ಲ. ಹಗೇವಿಗೆ ತುಂಬುವ ಮುನ್ನ ಕಾಳನ್ನು ಹಲ್ಲಿನಲ್ಲಿ ಕಚ್ಚಿ, ಕಟಕ್ಕೆಂದರೆ ಒಣಗಿದೆಯೆಂದು ನಮ್ಮ ಹಿರಿಯರು ತೀರ್ಮಾನಿಸುತ್ತಿದ್ದರು. ಅದೂ ಒಂದು ಅಳತೆ. ಜೋಳದ ಕಾಳು ಒಣಗಿಯೂ ಬದುಕಿರುತ್ತದೆ. ಮೊಳೆತು ಬೇರು ಬಿಟ್ಟು ಬೆಳೆಯತೊಡಗಿದ ಸಸಿ ಆ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಬಂಡೆಯ ಹುಲ್ಲು ಬೀಜದ ಅದೇ ವಿದ್ಯೆಯನ್ನು ಎಲೆಯಲ್ಲಿಯೂ ಉಳಿಸಿಕೊಂಡಿದೆ.

ಹಾಗಾದರೆ ಅಳೆಯುವುದು ಹೇಗೆ? ವಿದ್ಯಾರ್ಥಿಗಳೂ ಮಾಡಬಹುದಾದ ವಿಧಾನವಿದು. ಎಲೆಯ ತುಂಡುಗಳನ್ನು ಕಿತ್ತ ಕೂಡಲೇ ತೂಗಿ. ನಾಲ್ಕು ತಾಸು ನೀರಿನಲ್ಲಿ ತೇಲಿಬಿಟ್ಟು, ಮೇಲಿನ ತೇವ ಒರೆಸಿ ತೂಗಿ. ಕೊನೆಗೆ 70 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಡು ದಿನ ಒಣಗಿಸಿ ತೂಗಿ. ಮೂರು ತೂಕಗಳು ಕ್ರಮವಾಗಿ 1.00, 1.25, 0.25 ಗ್ರಾಂ ಇದ್ದರೆ, ಹಿಡಿಯಬಲ್ಲ 1.00 ಗ್ರಾಂ ನೀರಿನಲ್ಲಿ 0.75 ಗ್ರಾಂ ಉಳಿದಿದೆ. ಸಾಪೇಕ್ಷ ಜಲಾಂಶ ಶೇ. 75. ಆದರೆ ಇದು ಉಳಿದ ನೀರಿನ ಲೆಕ್ಕವೇ ಹೊರತು ಉಳಿದ ಜೀವದ ಲೆಕ್ಕವಲ್ಲ. ತಾಳಿಕೆಯನ್ನು ಅಳೆಯಲು ಗಿಡವನ್ನು ಗೊತ್ತಾದ ಮಟ್ಟಕ್ಕೆ ಒಣಗಿಸಿ, ಮತ್ತೆ ನೀರುಣಿಸಿ, ಎಷ್ಟು ಗಿಡ ಚಿಗುರಿದವೆಂದು ಎಣಿಸಲೇಬೇಕು. ಮರುಜೀವ ಪಡೆಯುವ ಸಸ್ಯಗಳಿಗೆ ಆ ಮಟ್ಟ, ಒಂದು ಗ್ರಾಂ ಒಣ ತೂಕಕ್ಕೆ ಸುಮಾರು 0.1 ಗ್ರಾಂ ನೀರು. ನಮ್ಮ ಹೊಲದ ಯಾವ ಬೆಳೆಯ ಎಲೆಯೂ ಅದರ ಹತ್ತಿರ ಸುಳಿಯದು.

ಕುಂಡದ ಪ್ರಯೋಗ ಮೋಸ ಮಾಡಬಲ್ಲದು. ದೊಡ್ಡ ಎಲೆಯ ಗಿಡ ಕುಂಡದ ನೀರನ್ನು ಬೇಗ ಬರಿದುಮಾಡಿ ಬಾಡುತ್ತದೆ. ಕುಬ್ಜ ಗಿಡ ಕಡಿಮೆ ಕುಡಿದು ಹಸಿರಾಗಿ ನಿಲ್ಲುತ್ತದೆ. ‘ಹತ್ತು ದಿನ ನೀರಿಲ್ಲದೆ ಬದುಕಿತು’ ಎಂಬ ಹೇಳಿಕೆಗೆ, ಮಣ್ಣಿನ ತೇವ ಎರಡರಲ್ಲೂ ಸಮವಿತ್ತೆಂದು ತೋರಿಸದ ಹೊರತು ಅರ್ಥವಿಲ್ಲ. ಬದುಕಿದ್ದೆಲ್ಲ ಫಲ ಕೊಡುವುದೆಂದೂ ಇಲ್ಲ. ರೈತನಿಗೆ ಕಾಳೂ ಬೇಕು, ದನಕ್ಕೆ ಕಣಿಕೆಯೂ ಬೇಕು.

ಇದಕ್ಕಿಂತ ದೊಡ್ಡ ವಿಪರ್ಯಾಸ ಇನ್ನೊಂದಿದೆ. ಒಣಗುವಿಕೆಯ ಪಾಠ ಹೇಳಬಲ್ಲ ಸಸ್ಯಗಳು ನೆಲೆಸುವ ಬಂಡೆಗಳಿಗೆ ಪಹಣಿಯಲ್ಲಿ ಸಿಗುವ ಹೆಸರು ‘ಖರಾಬು’. ರಾಷ್ಟ್ರದ ಪಾಳುಭೂಮಿ ನಕಾಶೆಯಲ್ಲಿಯೂ ಬರಡು ಬಂಡೆಗೆ ಪ್ರತ್ಯೇಕ ವರ್ಗವಿದೆ. ಖರಾಬೆಂದು ಬರೆದದ್ದನ್ನು ಒಡೆಯಲು, ಅಗೆಯಲು, ಮುಚ್ಚಲು ಯಾರ ಮನಸ್ಸೂ ಅಳುಕುವುದಿಲ್ಲ. ಅಳೆಯದೆ ಬೀಜಕ್ಕೆ ಬಿರುದು ಕೊಡುವ, ಅಳೆಯದೆ ಗುಡ್ಡಕ್ಕೆ ಕಳಂಕ ಹಚ್ಚುವ ಈ ಎರಡೂ ಕೆಲಸಗಳ ಮೂಲ ಒಂದೇ ಅಸಡ್ಡೆ.

ಆದ್ದರಿಂದ ನಮ್ಮ ಬೇಡಿಕೆ ಸ್ಪಷ್ಟ. ‘ಬರ ಸಹಿಷ್ಣು’ ಎಂದು ಮುದ್ರಿಸುವವರು ಯಾವ ಮಣ್ಣಿನಲ್ಲಿ, ಯಾವ ಮಟ್ಟಕ್ಕೆ, ಎಷ್ಟು ದಿನ ಒಣಗಿಸಿದರು, ಮರಳಿ ಎಷ್ಟು ಚಿಗುರಿದವು, ಇಳುವರಿ ಎಷ್ಟು ಬಂತು ಎಂಬುದನ್ನು ಕನ್ನಡದಲ್ಲಿ ಚೀಲದ ಮೇಲೆಯೇ ಮುದ್ರಿಸಲಿ. ಪರೀಕ್ಷೆಗಳು ಗುಡ್ಡದಂಚಿನ ಹೊಲಗಳಲ್ಲಿಯೂ ನಡೆಯಲಿ. ಗುಡ್ಡದ ಮೇಲೆ ಗುದ್ದಲಿ ಬೀಳುವ ಮುನ್ನ ಅಲ್ಲಿನ ಹುಲ್ಲು, ಪಾಚಿ, ಕಲ್ಲುಹೂವುಗಳ ಪಟ್ಟಿ ಸಿದ್ಧವಾಗಲಿ. ಈ ಪಟ್ಟಿಗೆ ಸರ್ಕಾರವನ್ನು ಕಾಯಬೇಕಿಲ್ಲ. ಮೊದಲ ಮಳೆ ಬಿದ್ದ ಮರುದಿನ ವಿದ್ಯಾರ್ಥಿ ಮಿತ್ರರು ಊರ ಗುಡ್ಡ ಹತ್ತಿ, ನಿನ್ನೆ ಸತ್ತಂತಿದ್ದು ಇಂದು ಹಸಿರಾದದ್ದು ಯಾವುದೆಂದು ಬರೆದಿಟ್ಟುಕೊಂಡರೆ ಸಾಕು, ಕೆಲಸ ಆರಂಭವಾದಂತೆಯೇ.