ನಾಯಿ ಕಣ್ಣಿಗೆ ಎರಡು ಹನಿ? ಮೊದಲು ಲೇಬಲ್ ಓದಿ

ನಮ್ಮ ಮನ್ಮನೆ ಕಡೆ ನಾಯಿ ಅಂದ್ರೆ ಮನೆ ಕಾಯೋದು, ತೋಟದಲ್ಲಿ ಮಂಗ ಓಡಿಸೋದು, ಕೆಲಸದವರ ಹಿಂದೆ ಮುಂದೆ ಸುತ್ತೋದು. ಅಡಿಕೆ ಸುಲಿಯುವಾಗಿನ ಧೂಳು, ಬಚ್ಚಲ ಒಲೆಯ ಹೊಗೆ, ಬೇಲಿಯ ಮುಳ್ಳು ಎಲ್ಲವೂ ಅದರ ಕಣ್ಣಿಗೇ. ಈಗ ವರ್ಕ್ ಫ್ರಮ್ ಹೋಮ್ ಅಂತ ಊರಿಗೆ ಬಂದ ನಮ್ಮಂಥವರ ಜೊತೆ ಪಗ್, ಶಿಹ್ ತ್ಸು ಕೂಡ ಬಂದಿವೆ. ಅವುಗಳ ಕಣ್ಣೋ, ಉಬ್ಬಿಕೊಂಡು ಹೊರಗೇ ಇರುತ್ತೆ.

ನಾಯಿ ಕಣ್ಣು ಕೆಂಪಾದರೆ ಮನೆಯಲ್ಲಿ ಮೊದಲು ಬರುವ ಸಲಹೆ ಯಾವುದು ಗೊತ್ತಲ್ಲ? "ತಮಾ, ಯನ್ನ ಕಣ್ಣಿಗೆ ಕೊಟ್ಟ ಔಷಧಿ ಫ್ರಿಜ್ಜಲ್ಲಿ ಇದ್ದಲಾ, ಅದ್ನೇ ಎರಡು ಹನಿ ಬಿಡು." ಅಪಾಯ ಇರೋದು ಇಲ್ಲೇ. ಪೊರೆ ಆಪರೇಷನ್ ಆದವರಿಗೆ ಕೊಡುವ ಹನಿಗಳಲ್ಲಿ ಸಾಮಾನ್ಯವಾಗಿ ಸ್ಟಿರಾಯ್ಡ್ ಇರುತ್ತೆ. ನಾಯಿಯ ಕಣ್ಣಿನ ಮೇಲ್ಪದರ, ಅಂದರೆ ಕಾರ್ನಿಯಾದ ಮೇಲೆ ಮುಳ್ಳು ಗೀರಿದ ಗಾಯ ಇದ್ದರೆ ಸ್ಟಿರಾಯ್ಡ್ ಅದನ್ನು ಮಾಯಲು ಬಿಡಲ್ಲ. ಗಾಯ ಆಳವಾಗಿ, ಕಣ್ಣು ತೂತಾಗುವ ಮಟ್ಟಕ್ಕೂ ಹೋಗಬಹುದು. ಆ ಗಾಯ ಬರಿಗಣ್ಣಿಗೆ ಕಾಣದೇ ಇರಬಹುದು. ಪಶುವೈದ್ಯರು ಫ್ಲೋರೆಸೀನ್ ಅನ್ನೋ ಬಣ್ಣ ಹಾಕಿ ನೋಡ್ತಾರೆ. ಗಾಯ ಇದ್ದ ಜಾಗ ಹಸಿರಾಗಿ ಹೊಳೆಯುತ್ತೆ. ಕೆಲವೇ ನಿಮಿಷದ ಪರೀಕ್ಷೆ.

ಹಾಗಾದ್ರೆ ಯಾವ ಹನಿ ಪರವಾಗಿಲ್ಲ? ಬ್ರಾಂಡ್ ಹೆಸರು ಬಿಡಿ, ಬಾಟಲಿ ತಿರುಗಿಸಿ ಸಣ್ಣ ಅಕ್ಷರ ಓದಿ. ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್ ಅಥವಾ ಸೋಡಿಯಂ ಹಯಲುರೊನೇಟ್ ಮಾತ್ರ ಇದ್ದರೆ ಅದು ಕೃತಕ ಕಣ್ಣೀರು. ಸ್ಕ್ರೀನ್ ನೋಡಿ ನೋಡಿ ಕಣ್ಣು ಒಣಗಿದ ನಾವೂ ಹಾಕಿಕೊಳ್ಳೋದು ಇದನ್ನೇ. ನಾಯಿಗಳಿಗೂ ಪಶುವೈದ್ಯರು ಇವನ್ನು ಬರೆದುಕೊಡ್ತಾರೆ. ಡೆಕ್ಸಾಮೆಥಾಸೋನ್, ಪ್ರೆಡ್ನಿಸೊಲೋನ್, ಬೀಟಾಮೆಥಾಸೋನ್ ಅಂತಿದ್ದರೆ ಸ್ಟಿರಾಯ್ಡ್, ಮುಟ್ಟಬೇಡಿ. ನಾಫಝೋಲಿನ್, ಟೆಟ್ರಾಹೈಡ್ರೊಝೋಲಿನ್ ಇರುವ "ಕೆಂಪು ತೆಗೆಯುವ" ಹನಿಯೂ ಬೇಡ. ಆ ಬಾಟಲಿ ನಾಯಿ ಬಾಯಿಗೆ ಸಿಕ್ಕಿ ಕಚ್ಚಿ ಕುಡಿದರೂ ವಿಷವೇ. ಕಾಂಟ್ಯಾಕ್ಟ್ ಲೆನ್ಸ್ ತೊಳೆಯುವ ದ್ರಾವಣ ಹನಿ ಅಲ್ಲವೇ ಅಲ್ಲ.

ಮಳೆಗಾಲದ ಮಾತು ಬೇರೆ. ಕೊಳೆ ಔಷಧಿ ಅಂದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಸುಣ್ಣ ಕಲಸುವಾಗ ನಾಯಿ ಕಣ್ಣಿಗೆ ಸಿಡಿದರೆ ಹನಿ ಹುಡುಕುತ್ತ ಕೂರಬೇಡಿ. ಸುಣ್ಣದ ಕ್ಷಾರ ಕಣ್ಣಿನ ಒಳಪದರಕ್ಕೆ ಇಳಿಯುತ್ತಾ ಹೋಗುತ್ತೆ. ಅಲ್ಲೇ, ಆ ಕ್ಷಣವೇ, ಶುದ್ಧ ನೀರನ್ನು ಸಣ್ಣ ಧಾರೆಯಾಗಿ 15-20 ನಿಮಿಷ ಬಿಡಿ. ಆಮೇಲೆ ನೇರ ಡಾಕ್ಟರ ಹತ್ತಿರ.

ಹನಿ ಹಾಕೋದಕ್ಕೂ ಒಂದು ಕ್ರಮ ಇದೆ. ಕೈ ತೊಳೆದುಕೊಳ್ಳಿ. ಕಾಯಿಸಿ ಆರಿಸಿದ ನೀರಲ್ಲಿ ಹತ್ತಿ ಅದ್ದಿ ಪಿಸಿರು ಒರೆಸಿ, ಎರಡು ಕಣ್ಣಿಗೆ ಬೇರೆ ಬೇರೆ ಹತ್ತಿ. ಎದುರಿಂದ ಬಾಟಲಿ ಹಿಡಿದು ಹೋದರೆ ನಾಯಿ ಹೆದರುತ್ತೆ. ಪಕ್ಕದಲ್ಲಿ ಕೂತು, ಗದ್ದ ಮೇಲೆತ್ತಿ, ತಲೆಯ ಹಿಂದಿನಿಂದ ಕೈ ತಂದು ಒಂದು ಹನಿ ಬಿಡಿ. ಬಾಟಲಿ ತುದಿ ಕಣ್ಣಿಗಾಗಲಿ ಕೂದಲಿಗಾಗಲಿ ತಾಗಬಾರದು, ತಾಗಿದರೆ ಕೀಟಾಣು ಬಾಟಲಿಯೊಳಗೇ ಬೆಳೆಯಬಹುದು. ಇನ್ನೊಂದು ಔಷಧಿಯೂ ಇದ್ದರೆ 5 ನಿಮಿಷ ಬಿಟ್ಟು ಹಾಕಿ. ಮುಲಾಮು ಕೊನೆಗೆ. ಬಾಟಲಿ ತೆರೆದ ದಿನಾಂಕ ಮಾರ್ಕರಲ್ಲಿ ಬರೆದಿಡಿ. ಲೇಬಲ್ ಒಂದು ತಿಂಗಳು ಅಂದರೆ ಒಂದೇ ತಿಂಗಳು, ಉಳಿದರೂ ಎಸೆಯಿರಿ. ನಾಯಿಗೆ ಹಾಕಿದ ಬಾಟಲಿ ನಾಯಿಗೇ, ಮನೆಯವರಿಗೆ ಬೇರೆ.

ಹನಿ ಹಾಕಿದಾಗ ಆರಾಮ, ಬಿಟ್ಟರೆ ಮತ್ತೆ ಅಂಟಂಟು ಪಿಸಿರು, ಹೊಳಪಿಲ್ಲದ ಕಣ್ಣು ಅನ್ನೋ ಹಾಗಿದ್ದರೆ ಅದು ಒಣಗಣ್ಣಿನ ಕಾಯಿಲೆ ಇರಬಹುದು. ರೆಪ್ಪೆಯೊಳಗೆ ಒಂದು ಕಾಗದದ ಪಟ್ಟಿ ಇಟ್ಟು 1 ನಿಮಿಷದಲ್ಲಿ ಕಣ್ಣೀರು ಎಷ್ಟು ದೂರ ಹರಿಯಿತು ಅಂತ ನೋಡ್ತಾರೆ. 15 ಮಿಲಿಮೀಟರ್ ದಾಟಿದರೆ ಚಿಂತೆ ಇಲ್ಲ. ಹತ್ತಕ್ಕಿಂತ ಕಡಿಮೆಯಾದರೆ ಡಾಕ್ಟರು ಈ ಕಾಯಿಲೆಯನ್ನೇ ಶಂಕಿಸ್ತಾರೆ. ಹೆಚ್ಚಿನ ನಾಯಿಗಳಲ್ಲಿ ದೇಹದ ರೋಗನಿರೋಧಕ ಶಕ್ತಿಯೇ ಕಣ್ಣೀರಿನ ಗ್ರಂಥಿಯ ಮೇಲೆ ಬೀಳೋದು ಇದಕ್ಕೆ ಕಾರಣ. ಅದಕ್ಕೆ ಸೈಕ್ಲೋಸ್ಪೋರಿನ್‌ನಂಥ ಔಷಧಿ ಬೇಕು, ಸಾಮಾನ್ಯವಾಗಿ ಜೀವನಪೂರ್ತಿ. ಕೃತಕ ಕಣ್ಣೀರು ಜೊತೆಗೊಂದು ಆಸರೆ ಅಷ್ಟೆ.

ಕಣ್ಣು ಬಿಡದೇ ಮುಚ್ಚಿಕೊಂಡಿದ್ದರೆ, ಕಾಲಲ್ಲಿ ಉಜ್ಜುತ್ತಿದ್ದರೆ, ಮಬ್ಬಾದರೆ, ರಕ್ತ ಕಂಡರೆ, ಗುಡ್ಡೆ ಮುಂದೆ ಬಂದರೆ ನಾಳೆ ನೋಡೋಣ ಅನ್ನಬೇಡಿ. ಸಿದ್ದಾಪುರ, ಶಿರಸಿ, ಯಲ್ಲಾಪುರದಲ್ಲಿ ಸರ್ಕಾರಿ ಪಶು ಆಸ್ಪತ್ರೆ ಇದೆ. ಹೆಚ್ಚಿನ ತಪಾಸಣೆ ಬೇಕಾದರೆ ನಮಗೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜು ಇದೆ. ಹೊರಡುವ ಮುಂಚೆ ಫೋನ್ ಮಾಡಿ ಡಾಕ್ಟರು ಇದ್ದಾರಾ ಕೇಳಿಕೊಳ್ಳಿ. ಇಷ್ಟರೊಳಗೆ ಯಾವುದಾದರೂ ಹನಿ ಹಾಕಿದ್ದರೆ ಆ ಬಾಟಲಿಯನ್ನೂ ಒಯ್ಯಿರಿ, ಅವರು ಮೊದಲು ಕೇಳೋದೇ ಅದನ್ನು.