‘ನಮ್ಮನೆ ಕ್ಯಾಮೆರಾ ಯಾರು ನೋಡ್ತಾರೆ?’ ಎನ್ನುವವರಿಗೆ

ಊರಿನಲ್ಲಿರುವ ಅಪ್ಪ-ಅಮ್ಮನ ಮೇಲೆ ಒಂದು ಕಣ್ಣಿರಲಿ ಎಂದು ಹಳೆಯ ಲ್ಯಾಪ್‌ಟಾಪಿಗೋ ರಾಸ್ಪ್‌ಬೆರಿ ಪೈಗೋ ವೆಬ್‌ಕ್ಯಾಮ್ ಸಿಕ್ಕಿಸಿ, ‘ಮೋಷನ್’ನಂಥ ತಂತ್ರಾಂಶ ಹಾಕಿ, ರೌಟರಿನಲ್ಲಿ ಪೋರ್ಟ್ ತೆರೆದಿಟ್ಟವರು ನನ್ನ ಬಳಗದಲ್ಲೇ ಹಲವರಿದ್ದಾರೆ. ಆ ಪೋರ್ಟ್ ಮುಚ್ಚಿ, ವಿಪಿಎನ್ ಮೂಲಕವೇ ನೋಡಿ ಎಂದಿದ್ದೆ. ಅತಿಯಾಯಿತು ಎಂದರು. ಅತಿಯೋ ಅಲ್ಲವೋ ನೋಡೋಣ.

ನಮ್ಮ ನಡುಮನೆಯಲ್ಲಿ ನೋಡುವಂಥದ್ದೇನಿದೆ ಎಂಬುದು ಎಲ್ಲರ ಮೊದಲ ಮಾತು. ನೋಡುವವನಿಗೆ ನೀವು ಯಾರೆಂದೇ ಗೊತ್ತಿರಬೇಕಾಗಿಲ್ಲ. 2014ರಲ್ಲಿ ಇನ್‌ಸೆಕ್ಯಾಮ್ ಎಂಬ ಜಾಲತಾಣ, ಕಾರ್ಖಾನೆಯ ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದ ಹತ್ತಾರು ಸಾವಿರ ಕ್ಯಾಮೆರಾಗಳ ನೇರ ದೃಶ್ಯಗಳನ್ನು ದೇಶವಾರು ಜೋಡಿಸಿಟ್ಟಿತ್ತು. 2025ರ ಫೆಬ್ರುವರಿಯಲ್ಲಿ ರಾಜ್‌ಕೋಟ್‌ನ ಹೆರಿಗೆ ಆಸ್ಪತ್ರೆಯೊಂದರ ಸಿಸಿಟಿವಿ ದೃಶ್ಯಗಳು ಟೆಲಿಗ್ರಾಂನಲ್ಲಿ ಮಾರಾಟಕ್ಕಿದ್ದದ್ದು ಬಯಲಾಯಿತು. ಅದರಲ್ಲಿದ್ದವರು ತಪಾಸಣೆಗೆಂದು ಬಂದ ಹೆಂಗಸರು. ದೃಶ್ಯವೇ ಬೇಡದವರೂ ಇದ್ದಾರೆ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶದ ದಾಳಿಯಲ್ಲಿ ಕ್ಯಾಮೆರಾಗಳೂ ಡಿವಿಆರ್‌ಗಳೂ ಕೂಲಿಯಾಳುಗಳಾದವು, ಅಷ್ಟೆ. ಅಕ್ಟೋಬರ್ 21ರಂದು ಜಾಲತಾಣಗಳ ಹೆಸರನ್ನು ಐಪಿ ವಿಳಾಸಕ್ಕೆ ತಿರುಗಿಸಿಕೊಡುತ್ತಿದ್ದ ಡೈನ್ ಕಂಪನಿಯ ಸರ್ವರ್‌ಗಳ ಮೇಲೆ ಅವು ಮುಗಿಬಿದ್ದಾಗ ಟ್ವಿಟರ್, ನೆಟ್‌ಫ್ಲಿಕ್ಸ್ ಕೂಡ ಹಲವರಿಗೆ ಸಿಗದಾದವು. ನೀವು ಕಟ್ಟಿದ್ದು ಆ ಕ್ಯಾಮೆರಾಗಳಿಗಿಂತ ಬಲವಾದ ಕಂಪ್ಯೂಟರ್. ಅದರೊಳಗೆ ಹೊಕ್ಕವನಿಗೆ ಮನೆಯ ಇಡೀ ನೆಟ್‌ವರ್ಕ್ ಸಿಕ್ಕಂತೆ.

‘ಸಾಮಾನ್ಯವಾದ 8081 ಬಿಟ್ಟು ಬೇರೆ ಪೋರ್ಟ್ ಇಟ್ಟಿದ್ದೇನೆ, ಯಾರಿಗೂ ತಿಳಿಯುವುದಿಲ್ಲ’ ಎನ್ನುವವರದು ಹೆಚ್ಚು ಅಪಾಯದ ನಂಬಿಕೆ. ಐಪಿವಿ4ನಲ್ಲಿ ಇರುವುದೇ ಸುಮಾರು 430 ಕೋಟಿ ವಿಳಾಸ. ಮಿಷಿಗನ್ ವಿಶ್ವವಿದ್ಯಾಲಯದವರು 2013ರಲ್ಲಿ ಹೊರತಂದ ಝೀಮ್ಯಾಪ್ ತಂತ್ರಾಂಶ, ಗಿಗಾಬಿಟ್ ಸಂಪರ್ಕವಿರುವ ಒಂದೇ ಕಂಪ್ಯೂಟರಿನಿಂದ ಆ ಎಲ್ಲ ವಿಳಾಸಗಳ ಒಂದು ಪೋರ್ಟನ್ನು 45 ನಿಮಿಷದೊಳಗೆ ತಟ್ಟಿಬರುತ್ತದೆ. ಅರವತ್ತೈದು ಸಾವಿರ ಪೋರ್ಟುಗಳಿಗೆ ಹೆಚ್ಚು ಹೊತ್ತು ಬೇಕು, ಒಪ್ಪಿದೆ. ಆದರೆ ತಟ್ಟುವವನಿಗೆ ಅವಸರವಿಲ್ಲ. ಸಿಕ್ಕಿದ್ದನ್ನು ಹುಡುಕಲು ಬರುವಂತೆ ಜೋಡಿಸಿಡುವ ಶೋಡಾನ್ 2009ರಿಂದಲೂ ಇದೆ. ಇನ್ನು ಸ್ವಂತ ಡೊಮೇನ್‌ಗೆ ಉಚಿತ ಸರ್ಟಿಫಿಕೇಟ್ ಪಡೆದ ಜಾಣರು ಇದನ್ನು ಗಮನಿಸಿ: ಅಂಥ ಪ್ರತಿಯೊಂದು ಹೆಸರೂ ಸಾರ್ವಜನಿಕ ದಾಖಲೆಗೆ ಸೇರುತ್ತದೆ. ‘ಮನೆಕ್ಯಾಮ್’ ಎಂದು ಹೆಸರಿಟ್ಟಿದ್ದರೆ ಡಂಗುರ ಸಾರಿದ ಹಾಗೆಯೇ. ಪೋರ್ಟ್ ಬದಲಿಸುವುದರಿಂದ ಲಾಗಿನಲ್ಲಿ ಗದ್ದಲ ಕಡಿಮೆಯಾಗುತ್ತದೆ. ಅದಕ್ಕಿಂತ ಹೆಚ್ಚೇನೂ ಆಗುವುದಿಲ್ಲ.

ಪಾಸ್‌ವರ್ಡ್ ಇದೆಯಲ್ಲ ಎಂದರೆ, ಎಂಥದ್ದು ಎಂದು ಕೇಳಬೇಕಾಗುತ್ತದೆ. ಬರೀ ಎಚ್‌ಟಿಟಿಪಿ ಮೇಲಿನ ‘ಬೇಸಿಕ್’ ಲಾಗಿನ್ ಪಾಸ್‌ವರ್ಡನ್ನು ಗೂಢಲಿಪಿಗೆ ಇಳಿಸುವುದಿಲ್ಲ, ಬೇಸ್64ಕ್ಕೆ ತಿರುಗಿಸುತ್ತದೆ ಅಷ್ಟೆ. ನಡುದಾರಿಯಲ್ಲಿ ಕುಳಿತವನು ಕ್ಷಣದಲ್ಲಿ ಓದುತ್ತಾನೆ. ಎಚ್‌ಟಿಟಿಪಿಎಸ್ ಹಾಕಿದರೆ ಆ ತೊಂದರೆ ತೀರುತ್ತದೆ, ನಿಜ. ಆದರೆ ಪಾಸ್‌ವರ್ಡ್ ಕೇಳಬೇಕಾದ ತಂತ್ರಾಂಶವೇ ಕೇಳದೆ ಬಿಟ್ಟರೆ? 2012ರ ಜನವರಿಯಲ್ಲಿ ಟ್ರೆಂಡ್‌ನೆಟ್ ಕ್ಯಾಮೆರಾಗಳಲ್ಲಿ ಆದದ್ದು ಇದೇ. ಮಾಲೀಕರು ಪಾಸ್‌ವರ್ಡ್ ಇಟ್ಟಿದ್ದರೂ ತಂತ್ರಾಂಶದ ದೋಷದಿಂದ ಲಾಗಿನ್ ಇಲ್ಲದೆಯೇ ದೃಶ್ಯ ಸಿಗುತ್ತಿತ್ತು. ಸುಮಾರು 700 ಕ್ಯಾಮೆರಾಗಳ ಕೊಂಡಿಗಳನ್ನು ಯಾರೋ ಹಂಚಿಯೂ ಬಿಟ್ಟರು. ತೊಟ್ಟಿಲ ಮಗುವೂ ಅದರಲ್ಲಿತ್ತು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಮರುವರ್ಷ ಕಂಪನಿಯನ್ನು ಹಿಡಿದು ನಿಲ್ಲಿಸಿತು. ಅಷ್ಟರಲ್ಲಿ ನೋಡುವವರು ನೋಡಿ ಆಗಿತ್ತು.

ಈ ತಲೆನೋವೇ ಬೇಡ, ಕಂಪನಿಯ ಆ್ಯಪ್ ಸಾಕು ಎನ್ನುವವರಿಗೆ ಒಂದೇ ಉದಾಹರಣೆ: 2024ರ ಫೆಬ್ರುವರಿಯಲ್ಲಿ ವೈಜ್ ಕಂಪನಿಯ ಸುಮಾರು 13,000 ಗ್ರಾಹಕರಿಗೆ ಬೇರೆಯವರ ಮನೆಯ ಚಿತ್ರಗಳು ಹೋದವು.

ಉಳಿದದ್ದು, ವಿಪಿಎನ್ ಅಮ್ಮನಿಗೆ ಕಷ್ಟ ಎಂಬ ದೂರು. ಅಮ್ಮ ಏನನ್ನೂ ಮಾಡಬೇಕಾಗಿಲ್ಲ! ದೂರದಿಂದ ನೋಡುವವರು ನೀವು. ವೈರ್‌ಗಾರ್ಡ್ ಎಂಬ ವಿಪಿಎನ್ ತಂತ್ರಾಂಶ ಇರಬೇಕಾದದ್ದು ನಿಮ್ಮ ಫೋನಿನಲ್ಲಿ ಮತ್ತು ಕ್ಯಾಮೆರಾ ಸಿಕ್ಕಿಸಿದ ಆ ಕಂಪ್ಯೂಟರಿನಲ್ಲಿ. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಫೋನಿನ ಕೆಲಸ ಮುಗಿಯಿತು. ಅದಕ್ಕೂ ಒಂದು ಪೋರ್ಟ್ ತೆರೆಯಬೇಕಲ್ಲ ಎಂಬ ಮರುಪ್ರಶ್ನೆ ನ್ಯಾಯವಾದದ್ದೇ. ವ್ಯತ್ಯಾಸ ಏನೆಂದರೆ, ಸರಿಯಾದ ಕೀಲಿ ಇಲ್ಲದವರಿಗೆ ವೈರ್‌ಗಾರ್ಡ್ ಉತ್ತರವನ್ನೇ ಕೊಡುವುದಿಲ್ಲ. ತಟ್ಟಿದವನಿಗೆ ಅಲ್ಲೊಂದು ಸರ್ವರ್ ಇದೆಯೆಂದೇ ತಿಳಿಯದು. ಹಲವು ಮನೆಗಳಿಗೆ ಒಂದೇ ಐಪಿ ವಿಳಾಸ ಹಂಚುವ ಸಂಪರ್ಕವಿದ್ದು ಪೋರ್ಟ್ ತೆರೆಯಲಾಗದಿದ್ದರೆ ಟೇಲ್‌ಸ್ಕೇಲ್‌ನಂಥ ವಿಪಿಎನ್ ಬಳಸಿ.

ಇನ್ನೊಂದು ಮಾತು. ‘ಮೋಷನ್’ ಮೂಲದಲ್ಲಿ ತಾನಿರುವ ಕಂಪ್ಯೂಟರಿಗೆ ಮಾತ್ರ ದೃಶ್ಯ ತೋರಿಸುವಂತೆಯೇ ಬರುತ್ತದೆ. ಆ ‘ಸ್ಟ್ರೀಮ್ ಲೋಕಲ್‌ಹೋಸ್ಟ್’ ಸಾಲನ್ನು ಆಫ್ ಮಾಡಿದವರು ನಾವೇ.

ಇವತ್ತೇ ರೌಟರಿನ ಸೆಟ್ಟಿಂಗ್ ತೆರೆದು ಸಾಧನಗಳು ತಾವಾಗಿಯೇ ಪೋರ್ಟ್ ತೆರೆದುಕೊಳ್ಳಲು ಬಿಡುವ ಯುಪಿಎನ್‌ಪಿಯನ್ನು ಆಫ್ ಮಾಡಿ, ಪೋರ್ಟ್ ಫಾರ್ವರ್ಡಿಂಗ್ ಪಟ್ಟಿಯಿಂದ ಕ್ಯಾಮೆರಾದ ಸಾಲನ್ನು ಅಳಿಸಿ. ಆಮೇಲೆ ವೈಫೈ ಆರಿಸಿ, ವಿಪಿಎನ್ ಇಲ್ಲದೆ, ಮೊಬೈಲ್ ಡೇಟಾದಿಂದ ಹಳೆಯ ವಿಳಾಸಕ್ಕೆ ಹೋಗಿ ನೋಡಿ. ಪುಟ ತೆರೆದುಕೊಂಡರೆ ಕೆಲಸ ಇನ್ನೂ ಮುಗಿದಿಲ್ಲ.